ಹಲ್ಲಿನ ಡಾಕ್ಟರ ಪಕ್ಕ ನಿಲ್ಲುವವರಿಗೆ ಎಂಟು ಪಾಠಗಳು

ನಮ್ಮ ಯಾದಗಿರಿ ಜಿಲ್ಲೆಯ ಕೊಂಕಲ್, ವಡಗೇರಾ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಿಂದ ಪಿಯುಸಿ ಮುಗಿಸಿ ಬರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಇದನ್ನೇ: "ಅಕ್ಕಾ, ಹಲ್ಲಿನ ದವಾಖಾನ್ಯಾಗ ಅಸಿಸ್ಟೆಂಟ್ ಆಗಾಕ ಲೈಸೆನ್ಸ್ ಎಲ್ಲಿ ಕೊಡ್ತಾರ?" ನಾನೂ ಕ್ಲಿನಿಕ್ಕಿನಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಕಲಿತವಳು. ಆಮೇಲೆ ಡಿಪ್ಲೊಮಾ ಮಾಡಿ ಡೆಂಟಲ್ ಹೈಜಿನಿಸ್ಟ್ ಆದೆ. ಈಗ ಹೊಸಬರಿಗೆ ಕಲಿಸುತ್ತೇನೆ. ಫೀಸು ಕಟ್ಟುವ ಮೊದಲೇ ಅವರಿಗೆ ಗೊತ್ತಿರಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ.

1. ಯಾವ ಕೆಲಸಕ್ಕೆ ನೋಂದಣಿ ಇದೆ ಎಂದು ಮೊದಲು ತಿಳಿದುಕೊಳ್ಳಿ

ನಮ್ಮ ದೇಶದಲ್ಲಿ ಹಲ್ಲಿನ ಚಿಕಿತ್ಸೆಯನ್ನು ದಶಕಗಳ ಕಾಲ ಆಳಿದ್ದು 1948ರ ದಂತವೈದ್ಯರ ಕಾಯ್ದೆ. ಅದು ಹೆಸರಿಸಿದ್ದು ಮೂವರನ್ನು: ದಂತವೈದ್ಯರು, ಡೆಂಟಲ್ ಹೈಜಿನಿಸ್ಟ್, ಡೆಂಟಲ್ ಮೆಕ್ಯಾನಿಕ್. ಹಲ್ಲಿನ ಪಾಚಿ ತೆಗೆದು ಸ್ವಚ್ಛ ಮಾಡುವವರು, ಬಾಯಿಯ ಆರೈಕೆ ಹೇಳಿಕೊಡುವವರು ಹೈಜಿನಿಸ್ಟ್. ಕಟ್ಟುಹಲ್ಲಿನ ಸೆಟ್ ತಯಾರಿಸುವವರು, ರಿಪೇರಿ ಮಾಡುವವರು ಮೆಕ್ಯಾನಿಕ್. ಕುರ್ಚಿಯ ಪಕ್ಕ ಸಕ್ಷನ್ ಹಿಡಿದು, ಸಾಮಾನು ಕೊಟ್ಟು, ಸಿಮೆಂಟ್ ಕಲಸುವ ಅಸಿಸ್ಟೆಂಟಿನ ಹೆಸರು ಆ ಮೂವರಲ್ಲಿ ಇಲ್ಲ. ಅದಕ್ಕೇ ನಮ್ಮ ಊರುಗಳ ಕ್ಲಿನಿಕ್ಕುಗಳಲ್ಲಿ ಯಾರನ್ನು ಬೇಕಾದರೂ ಕೆಲಸಕ್ಕೆ ಇಟ್ಟುಕೊಂಡು ಕಲಿಸುವ ರೂಢಿ ಬೆಳೆದಿದೆ. ಹಳೆಯ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಒಪ್ಪಿತು. ದಂತವೈದ್ಯರ ಜೊತೆಗೆ ಸಹಾಯಕ ವೃತ್ತಿಯವರ ನೋಂದಣಿಗೂ ಅದರಲ್ಲಿ ಜಾಗವಿದೆ. ನಿಯಮ ಬದಲಾಗುವ ಕಾಲವಿದು. ಹಾಗಾಗಿ ಏಜೆಂಟರ ಮಾತನ್ನು ನಂಬದೆ ಕರ್ನಾಟಕ ರಾಜ್ಯ ದಂತವೈದ್ಯ ಪರಿಷತ್ತನ್ನೇ ಕೇಳಿ.

2. ಸರ್ಟಿಫಿಕೇಟ್ ಬೇರೆ, ಡಿಪ್ಲೊಮಾ ಬೇರೆ, ನೋಂದಣಿಯೇ ಬೇರೆ

"ಆರು ತಿಂಗಳಲ್ಲಿ ಡೆಂಟಲ್ ಅಸಿಸ್ಟೆಂಟ್, ಕೆಲಸ ಗ್ಯಾರಂಟಿ" ಎಂಬ ಚೀಟಿಗಳು ಬಸ್ ನಿಲ್ದಾಣದ ಕಂಬಗಳಿಗೆ ಅಂಟಿರುತ್ತವೆ. ಅಲ್ಪಾವಧಿ ತರಬೇತಿಗಳೆಲ್ಲ ಸುಳ್ಳಲ್ಲ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಡೆಂಟಲ್ ಅಸಿಸ್ಟೆಂಟ್ ಕೆಲಸಕ್ಕೆ ಕೌಶಲ ಮಾನದಂಡವನ್ನೇ ಮಾಡಿದೆ. ಆದರೆ ಅದು ಕೌಶಲದ ಪ್ರಮಾಣಪತ್ರವಷ್ಟೇ, ವೃತ್ತಿಯ ಪರವಾನಗಿಯಲ್ಲ. ಹೈಜಿನಿಸ್ಟ್ ಅಥವಾ ಮೆಕ್ಯಾನಿಕ್ ಆಗಬೇಕಾದರೆ ವಿಜ್ಞಾನದ ಪಿಯುಸಿ ನಂತರ ಎರಡು ವರ್ಷದ ಡಿಪ್ಲೊಮಾ ಓದಬೇಕು. ಓದಿದ ಮೇಲೆ ರಾಜ್ಯ ಪರಿಷತ್ತಿನಲ್ಲಿ ಹೆಸರು ಹಚ್ಚಿಸಬೇಕು, ನವೀಕರಣ ತಪ್ಪಿಸಬಾರದು.

ನಮಗೆ ಹತ್ತಿರದ ದಂತ ಕಾಲೇಜುಗಳು ಕಲಬುರಗಿ ಮತ್ತು ರಾಯಚೂರಿನಲ್ಲಿವೆ. ಕಾಲೇಜಿಗೆ ಬಿಡಿಎಸ್ ಮಾನ್ಯತೆ ಇದ್ದ ಮಾತ್ರಕ್ಕೆ ಅಲ್ಲಿನ ಡಿಪ್ಲೊಮಾಕ್ಕೂ ಮಾನ್ಯತೆ ಇದೆ ಎಂದು ತಿಳಿಯಬೇಡಿ. ನೀವು ಸೇರುವ ಕೋರ್ಸಿನ ಹೆಸರು ಹೇಳಿಯೇ ವಿಚಾರಿಸಿ.

3. ಕಾಗದಪತ್ರ ಈಗಲೇ ಸರಿಮಾಡಿಕೊಳ್ಳಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಮದುವೆಯಾದ ಮೇಲೆ ಬ್ಯಾಂಕಿನಲ್ಲಿ ಮತ್ತೊಂದು ಇರುವುದು ನಮ್ಮ ಕಡೆ ತೀರಾ ಸಾಮಾನ್ಯ. ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಜೊತೆಗೆ ಸಂವಿಧಾನದ 371(ಜೆ) ವಿಧಿಯಡಿಯ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ 'ಸಿ' ದರ್ಜೆ ಹುದ್ದೆಗಳಲ್ಲಿ ಶೇ 80ರಷ್ಟು ನಮ್ಮವರಿಗೇ ಮೀಸಲು. ಹುದ್ದೆ ಕರೆದ ಮೇಲೆ ಓಡಾಡುವುದಕ್ಕಿಂತ ಮೊದಲೇ ಕೈಯಲ್ಲಿರುವುದು ಒಳ್ಳೆಯದು. ಕೆಲಸ ಮಾಡಿದ ಪ್ರತಿ ಕ್ಲಿನಿಕ್ಕಿನಿಂದ ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ ಬರೆದ ಅನುಭವ ಪತ್ರ ಕೇಳಿ ಪಡೆಯಿರಿ.

4. ನಿಮ್ಮ ಕೆಲಸದ ಗೆರೆಯನ್ನು ದಾಟಬೇಡಿ

ಡಾಕ್ಟರು ಊಟಕ್ಕೆ ಹೋಗಿರುತ್ತಾರೆ. ತಾಯಿಯೊಬ್ಬಳು ಮದುವೆ ಗೊತ್ತಾದ ಮಗಳನ್ನು ಕರೆದುಕೊಂಡು ಬರುತ್ತಾಳೆ. ಹುಡುಗಿ ಸೆರಗು ಅಡ್ಡ ಹಿಡಿದೇ ಮಾತಾಡುತ್ತಾಳೆ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. "ಮಷೀನ್ ಹಾಕಿ ನೀನೇ ತಿಕ್ಕಿಬಿಡವ್ವಾ, ಐದು ನಿಮಿಷದ ಕೆಲಸ" ಎಂದು ತಾಯಿ ಬೇಡಿಕೊಳ್ಳುತ್ತಾಳೆ.

ಇಂಥ ಹೊತ್ತಿನಲ್ಲಿ ಮನಸ್ಸು ಕರಗುತ್ತದೆ. ಆದರೂ ಕೈ ಹಚ್ಚಬಾರದು. ನಮ್ಮ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಮಗು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದರೆ ಕಲೆ ಎನಾಮಲ್ಲಿನ ಒಳಗೇ ಕೂರುತ್ತದೆ. ಸ್ಕೇಲಿಂಗ್ ತೆಗೆಯುವುದು ಹಲ್ಲಿನ ಮೇಲಿನ ಪಾಚಿ ಮತ್ತು ಗುಟ್ಕಾ, ತಂಬಾಕಿನ ಕಲೆಯನ್ನು. ಫ್ಲೋರೈಡ್ ಕಲೆ ಅದರಿಂದ ಹೋಗುವುದಿಲ್ಲ. ಯಾವುದು ಯಾವ ಕಲೆ ಎಂದು ನಿರ್ಧರಿಸಬೇಕಾದವರು ಡಾಕ್ಟರು. ಸ್ಕೇಲಿಂಗ್, ಚುಚ್ಚುಮದ್ದು, ಹಲ್ಲು ಕೀಳುವುದು, ಔಷಧಿ ಬರೆಯುವುದು ಇವು ಯಾವುವೂ ಅಸಿಸ್ಟೆಂಟಿನ ಕೆಲಸವಲ್ಲ. "ಡಾಕ್ಟರು ಬರೋತನಕ ಕೂಡ್ರಿ" ಎಂದು ಹೇಳಿ, ಊರಲ್ಲಿ ಯಾವ ನೀರು ಕುಡಿಯುತ್ತೀರಿ ಎಂದು ಕೇಳಿ ಬರೆದಿಡಿ. ಅಸಿಸ್ಟೆಂಟ್ ಆಗಿ ಅದು ನೀವು ಮಾಡಬಹುದಾದ ದೊಡ್ಡ ಉಪಕಾರ.

5. ಮೊದಲ ಸಂಬಳಕ್ಕಿಂತ ಮೊದಲು ಲಸಿಕೆ

ನಮ್ಮ ಕೆಲಸವೆಲ್ಲ ರಕ್ತ, ಉಗುಳಿನ ನಡುವೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸಿಬ್ಬಂದಿಗೆ ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಸಂಸ್ಥೆಯ ಹೊಣೆ. ಹೆಪಟೈಟಿಸ್-ಬಿಗೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸೇರುವ ದಿನವೇ ಸಂಕೋಚವಿಲ್ಲದೆ ಕೇಳಿ. ಬಳಸಿದ ಸೂಜಿಗೆ ಎರಡು ಕೈ ಹಿಡಿದು ಕ್ಯಾಪ್ ಹಾಕಬೇಡಿ. ಕ್ಯಾಪನ್ನು ಟ್ರೇ ಮೇಲೆ ಇಟ್ಟು, ಒಂದೇ ಕೈಯಲ್ಲಿ ಸೂಜಿಯಿಂದ ಅದನ್ನು ಎತ್ತಿಕೊಳ್ಳುವುದನ್ನು ಅಭ್ಯಾಸ ಮಾಡಿ. ಎಕ್ಸ್‌ರೇ ತೆಗೆಯುವಾಗ ರೋಗಿಯ ಬಾಯೊಳಗೆ ಫಿಲ್ಮನ್ನು ನಿಮ್ಮ ಬೆರಳಿನಿಂದ ಹಿಡಿಯಬೇಡಿ. ಯಾರು ಹೇಳಿದರೂ ಬೇಡ.

6. ಆಟೋಕ್ಲೇವ್ ಅವಸರ ಸಹಿಸುವುದಿಲ್ಲ

ಸಾಮಾನಿನ ಸೂಕ್ಷ್ಮಜೀವಿ ಸಾಯಲು ಆಟೋಕ್ಲೇವ್ ಯಂತ್ರದ ಹಬೆಯಲ್ಲಿ ಇಡಬೇಕಾದ್ದು 121 ಡಿಗ್ರಿಯಲ್ಲಿ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ 3 ನಿಮಿಷ. ಯಂತ್ರ ಆ ಶಾಖ ಮುಟ್ಟಿದ ಮೇಲೆ ಈ ಲೆಕ್ಕ ಶುರು. ನಡುವೆ ಕರೆಂಟು ಹೋದರೆ ಉಳಿದ ನಿಮಿಷವನ್ನು ಸೇರಿಸಿ ಮುಗಿಸುವಂತಿಲ್ಲ, ಪೂರ್ತಿ ಮೊದಲಿನಿಂದ ಮಾಡಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಇದು ದಿನನಿತ್ಯದ ಪರೀಕ್ಷೆ. ಪೊಟ್ಟಣಕ್ಕೆ ಅಂಟಿಸಿದ ಸೂಚಕ ಟೇಪಿನ ಗೆರೆ ಕಪ್ಪಾದರೆ ಶಾಖ ತಾಗಿದೆ ಎಂದಷ್ಟೇ ಅರ್ಥ. ಸೂಕ್ಷ್ಮಜೀವಿ ನಿಜಕ್ಕೂ ಸತ್ತಿದೆಯೇ ಎಂದು ತಿಳಿಯಲು ಸ್ಪೋರ್ ಪರೀಕ್ಷೆ ಬೇಕು. ಅದೇ ಬೇಸಿಗೆಯಲ್ಲಿ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿಯನ್ನು ನಲ್ಲಿಯ ಬಿಸಿನೀರಿನಲ್ಲಿ ಕಲಸಿದರೆ ಬಾಯಿ ಸೇರುವ ಮೊದಲೇ ಗಟ್ಟಿಯಾಗುತ್ತದೆ. ತಣ್ಣೀರನ್ನು ಬೇರೆಯೇ ಇಟ್ಟುಕೊಳ್ಳಿ, ಪುಡಿಯ ಡಬ್ಬಿ ಬಿಗಿಯಾಗಿ ಮುಚ್ಚಿ.

7. ಕಸದ ಬಣ್ಣ ಬಾಯಿಪಾಠವಾಗಲಿ

ರಕ್ತ ಹತ್ತಿದ ಹತ್ತಿ ಹಳದಿಗೆ, ಗ್ಲೌಸ್ ಮತ್ತು ಸಕ್ಷನ್ ಕೊಳವೆ ಕೆಂಪಿಗೆ, ಸೂಜಿ ಮತ್ತು ಬ್ಲೇಡು ಚುಚ್ಚಿ ತೂರದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಕಿತ್ತ ಹಲ್ಲು ಹಳದಿಗೆ. ಆದರೆ ಅದರಲ್ಲಿ ಬೆಳ್ಳಿಬಣ್ಣದ ಅಮಾಲ್ಗಂ ಫಿಲ್ಲಿಂಗ್ ಇದ್ದರೆ ಪ್ರತ್ಯೇಕವಾಗಿಡಿ, ಸುಟ್ಟರೆ ಪಾದರಸ ಗಾಳಿಗೆ ಸೇರುತ್ತದೆ.

8. ಹೊರದೇಶದ ಆಸೆ ಇದ್ದರೆ ಅಲ್ಲಿನ ನಿಯಮದಿಂದ ಹಿಂದಕ್ಕೆ ಲೆಕ್ಕ ಹಾಕಿ

ಬ್ರಿಟನ್ನಿನಲ್ಲಿ 2008ರಿಂದ ಡೆಂಟಲ್ ನರ್ಸ್‌ಗಳು ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ದುಬೈನಲ್ಲಿ ಅಸಿಸ್ಟೆಂಟಿಗೂ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು, ಪ್ರಮಾಣಪತ್ರಗಳನ್ನು ಮೂಲ ಸಂಸ್ಥೆಗೇ ಬರೆದು ತಾಳೆ ನೋಡುತ್ತಾರೆ. ಮಾನ್ಯತೆಯಿಲ್ಲದ ಸಂಸ್ಥೆಯ ಕಾಗದ ಅಲ್ಲಿ ಒಂದು ದಿನವೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮಾತು ಇದು. ಕಾನೂನು ಪರವಾನಗಿ ಕೇಳದ ಕೆಲಸ ಎಂದರೆ ಕಲಿಯದೆ ಮಾಡಬಹುದಾದ ಕೆಲಸ ಎಂದಲ್ಲ. ಹಲ್ಲು ತೋರಿಸಲು ಬರುವ ಕೂಲಿಯವರ ಬಾಯೊಳಗೆ ಹೋಗುವ ಪ್ರತಿ ಸಾಮಾನು ನಮ್ಮ ಕೈ ದಾಟಿಯೇ ಹೋಗುತ್ತದೆ. ಯಾದಗಿರಿಯಂಥ ಜಿಲ್ಲೆಯ ಹುಡುಗಿಯರಿಗೆ ಮನೆಯಿಂದ ಹೋಗಿಬರುವ ದೂರದಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲೇ, ಮಾನ್ಯತೆ ಇರುವ ಅಸಿಸ್ಟೆಂಟ್ ತರಬೇತಿ ಸಿಗಬೇಕು. ಮುಗಿಸಿದವರ ಹೆಸರು ರಾಜ್ಯದ ಪಟ್ಟಿಗೆ ಸೇರಬೇಕು. ಅಲ್ಲಿಯವರೆಗೆ ಕ್ಲಿನಿಕ್ ನಡೆಸುವ ಡಾಕ್ಟರರು ಲಸಿಕೆ, ನೇಮಕಾತಿ ಪತ್ರ, ಅನುಭವ ಪತ್ರ ಈ ಮೂರನ್ನಾದರೂ ತಪ್ಪದೆ ಕೊಡಲಿ. ಹುಡುಗಿಯರೇ, ನೀವು ಈ ಮೂರನ್ನು ಕೇಳದೆ ಕೆಲಸಕ್ಕೆ ಸೇರಬೇಡಿ.