ವಾಯುಭಾರವೂ ಬಾವಿಯ ಪಂಪೂ

ಬೀದರ ಪಟ್ಟಣದ ಸುತ್ತಲಿನ ದಿಬ್ಬದ ಮೇಲೂ, ಭಾಲ್ಕಿ, ಔರಾದ ತಾಲೂಕುಗಳಲ್ಲಿ ಮಾಂಜ್ರಾ ನದಿಯ ದಂಡೆಗಳಲ್ಲಿಯೂ ರೈತರಿಂದ ಕೇಳಿಬರುವ ದೂರೊಂದುಂಟು. ಪಂಪು ಕಾರ್ತಿಕ ಮಾಸದಲ್ಲಿ ಧಾರಾಳವಾಗಿ ನೀರೆತ್ತುವುದು. ಚೈತ್ರ ಬಂದೊಡನೆ, ಬಾವಿಯಲ್ಲಿ ಆಳುದ್ದ ನೀರಿದ್ದರೂ, ಬರಿದೇ ತಿರುಗುವುದು. ಯಂತ್ರದ ಬಲ ಸಾಲದೆಂದು ಭಾವಿಸಿ ಮೂರು ಕುದುರೆಬಲದ್ದನ್ನು ತೆಗೆದು ಐದರದನ್ನು ಕೂರಿಸುವವರುಂಟು. ಹಣ ಹೋಗುವುದೇ ಹೊರತು ನೀರು ಬಾರದು. ಪಾಟೀಲರೂ ಹೊಲದೊಡೆಯರೂ ಇದರ ಕಾರಣವನ್ನು ಅರಿತಿದ್ದರೆ ತಮಗೂ ನೆರೆಯವರಿಗೂ ವೃಥಾ ವೆಚ್ಚವು ತಪ್ಪೀತು.

ಗಾಳಿಗೆ ತೂಕವುಂಟು. ಒಂದು ಲೋಟದಲ್ಲಿ ಕಂಠಮಟ್ಟ ನೀರು ತುಂಬಿ, ಬಾಯಿಗೆ ದಪ್ಪ ಕಾಗದವನ್ನಿಟ್ಟು ಮೆಲ್ಲನೆ ಬೋರಲು ಹಿಡಿದರೆ ನೀರು ಬೀಳದು. ಕೆಳಗಿನಿಂದ ಗಾಳಿಯು ಕಾಗದವನ್ನು ಒತ್ತಿ ಹಿಡಿದಿರುತ್ತದೆ. ಈ ಒತ್ತಡವನ್ನು 1643ರಲ್ಲಿ ಇಟಲಿಯ ಟಾರಿಚೆಲ್ಲಿ ಎಂಬ ಪಂಡಿತನು ಪಾದರಸದ ಕೊಳವೆಯಿಂದ ತೋರಿಸಿದನು. ಸಮುದ್ರಮಟ್ಟದಲ್ಲಿ ಅದು 76 ಸೆಂಟಿಮೀಟರು ಪಾದರಸವನ್ನು ಎತ್ತಿ ನಿಲ್ಲಿಸುತ್ತದೆ. ಐದು ವರ್ಷಗಳ ತರುವಾಯ ಫ್ರಾನ್ಸಿನ ಪಾಸ್ಕಲನು ತನ್ನ ಅಕ್ಕನ ಗಂಡನಿಂದ ಅಂತಹ ಕೊಳವೆಯನ್ನು ಬೆಟ್ಟದ ಮೇಲಕ್ಕೆ ಒಯ್ಯಿಸಿದಾಗ ಪಾದರಸವು ಇಳಿಯಿತು. ಮೇಲೇರಿದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಆದುದರಿಂದ ಭಾರವೂ ಕಡಿಮೆ.

ಬೀದರ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಇಲ್ಲಿ ಪಾದರಸವು ಸುಮಾರು 70 ಸೆಂಟಿಮೀಟರಿನಲ್ಲಿಯೇ ನಿಲ್ಲುವುದು. ನೀರು 100 ಡಿಗ್ರಿಗೆ ಬದಲು ಹೆಚ್ಚುಕಡಿಮೆ 98 ಡಿಗ್ರಿಯಲ್ಲಿ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಸು ಹೆಚ್ಚು ಹೊತ್ತು ಬೇಕು. ಕುಕ್ಕರಿನೊಳಗೆ ಉಗಿಯನ್ನು ಕೂಡಿಹಾಕಿ ಈ ಕೊರತೆಯನ್ನು ನೀಗಿಸುತ್ತಾರೆ. ಗೋಡೆಗೆ ತೂಗುಹಾಕುವ ವಾಯುಭಾರಮಾಪಕವನ್ನು ಎತ್ತರಕ್ಕೆ ಸರಿಪಡಿಸದೆ ಇಲ್ಲಿಗೆ ತಂದರೆ ಅದರ ಮುಳ್ಳು ವರ್ಷವಿಡೀ ‘ಬಿರುಗಾಳಿ’ಯನ್ನೇ ತೋರಿಸುತ್ತಿರುವುದು! ಡೀಸೆಲ್ ಎಂಜಿನಿಗೂ ತೆಳುಗಾಳಿಯಿಂದ ಬಲವು ನೂರಕ್ಕೆ ಐದಾರರಷ್ಟು ಕುಗ್ಗುತ್ತದೆ. ಇವೆಲ್ಲ ಸಣ್ಣ ಸಂಗತಿಗಳು. ಬಾವಿಯ ಸಂಗತಿ ಹಾಗಲ್ಲ.

ಪಂಪು ನೀರನ್ನು ಎಳೆಯುತ್ತದೆಂಬುದು ನಮ್ಮ ಮಾತಿನ ರೂಢಿ ಮಾತ್ರ. ಅದು ಕೊಳವೆಯೊಳಗೆ ಒತ್ತಡವನ್ನು ಕಡಿಮೆ ಮಾಡುವುದು. ಆಗ ಬಾವಿಯ ನೀರಿನ ಮೇಲಿರುವ ಗಾಳಿಯು ತನ್ನ ಭಾರದಿಂದ ನೀರನ್ನು ಕೊಳವೆಯಲ್ಲಿ ಮೇಲಕ್ಕೆ ನೂಕುವುದು. ಸಮುದ್ರಮಟ್ಟದಲ್ಲಿ ಈ ನೂಕುವ ಶಕ್ತಿಯು 34 ಅಡಿಗೆ ಮುಗಿಯುತ್ತದೆ. ಬೀದರಿನಲ್ಲಿ 31 ಅಡಿಗೆ. ಇದು ಲೆಕ್ಕದ ಮಾತು. ಬೇಸಗೆಯ ನೀರಿನ ಆವಿ, ಕೊಳವೆಯ ಉಜ್ಜಾಟ, ಫುಟ್‌ವಾಲ್ವಿನ ತಡೆ, ಪಂಪು ಓಡಲು ಬೇಕಾದ ಅಂಶ, ಇವೆಲ್ಲವನ್ನು ಕಳೆದರೆ ನಂಬಿ ನಡೆಯಬಹುದಾದ ಎತ್ತರವು 18ರಿಂದ 20 ಅಡಿ ಮಾತ್ರ. ಎಷ್ಟೇ ಕುದುರೆಬಲದ ಮೋಟಾರಾದರೂ ಇದನ್ನು ಹೆಚ್ಚಿಸಲಾರದು. ಪಂಪಿನಿಂದ ಮೇಲಕ್ಕೆ ನೀರನ್ನು ತಳ್ಳುವುದರಲ್ಲಿ ಮೋಟಾರಿನ ಬಲವು ಉಪಯೋಗಕ್ಕೆ ಬರುವುದು. ಪಂಪಿನಿಂದ ಕೆಳಗೆ ಗಾಳಿಯದೇ ಅಧಿಕಾರ.

ಭಾಲ್ಕಿ, ಔರಾದ ಸೀಮೆಗಳು ಬೀದರಿನ ದಿಬ್ಬಕ್ಕಿಂತ ಕೆಳಗಿವೆಯಲ್ಲವೇ ಎಂದು ಕೇಳಬಹುದು. ನಿಜ, ಆದರೆ 300 ಅಡಿ ಇಳಿದರೆ ದೊರೆಯುವ ಲಾಭವು ನೀರಿನ ಎತ್ತರದಲ್ಲಿ ಗೇಣಿನಷ್ಟೂ ಆಗದು. ಭೇದವಿರುವುದು ನೀರಿನ ಆಳದಲ್ಲಿ. ದಿಬ್ಬದ ಮೇಲೆ ಜಂಬಿಟ್ಟಿಗೆ ಕಲ್ಲಿನ ಮೂಲಕ ಮಳೆಯ ನೀರು ಜಿನುಗಿ ಬಹಳ ಕೆಳಗೆ ನಿಲ್ಲುವುದು. 15ನೆಯ ಶತಮಾನದ ಬಹಮನಿ ಅರಸರ ಕಾಲದಲ್ಲಿ ನೌಬಾದದ ಸುರಂಗ ಬಾವಿಯನ್ನು ತೋಡಿದವರು ಈ ನೀರನ್ನು ನೆಲದ ಇಳಿಜಾರಿನಿಂದಲೇ ಹರಿಸಿದರು. ಎತ್ತುವ ಗೊಡವೆಯೇ ಅವರಿಗಿರಲಿಲ್ಲ. ನದಿಯ ದಂಡೆಯಲ್ಲಾದರೋ, ಎತ್ತರದ ದಡದ ಮೇಲೆ ಕೂರಿಸಿದ ಪಂಪಿಗೆ ಕಾರ್ತಿಕದಲ್ಲಿ 12 ಅಡಿ ಕೆಳಗಿದ್ದ ನೀರು ಚೈತ್ರದಲ್ಲಿ 25 ಅಡಿಗೆ ಇಳಿದರೆ ಪಂಪು ಸೋಲದೆ ಇನ್ನೇನು?

ಆದುದರಿಂದ ಪಂಪು ಕೊಳ್ಳುವ ಮೊದಲು, ವೈಶಾಖದಲ್ಲಿ, ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಅಳೆಯತಕ್ಕದ್ದು. ಅಳತೆಯು ಪಂಪಿನಿಂದ ನೀರಿನ ಮೇಲ್ಮೈವರೆಗೆ, ಫುಟ್‌ವಾಲ್ವಿನವರೆಗೆ ಅಲ್ಲ. ಇದು 20 ಅಡಿ ಮೀರಿದರೆ ಬಾವಿಯ ಗೋಡೆಯಲ್ಲಿ ಗಟ್ಟಿಯಾದ ಕಟ್ಟೆ ಕಟ್ಟಿ ಪಂಪನ್ನು ಕೆಳಕ್ಕೆ ಇಳಿಸಬೇಕು. ಮಳೆಗಾಲದಲ್ಲಿ ನೀರೇರಿ ಮೋಟಾರು ಮುಳುಗದಂತೆ ಮೇಲೆತ್ತುವ ಏರ್ಪಾಡೂ ಇರಬೇಕು. ಕೊಳವೆಬಾವಿಯ ಮುಳುಗು ಪಂಪಿಗೆ ಈ ಕಟ್ಟುಪಾಡಿಲ್ಲ. ಅದು ನೀರಿನೊಳಗೇ ಇದ್ದು ತಳ್ಳುತ್ತದೆ. ಹೀರುಕೊಳವೆಯ ಜೋಡಣೆಗಳಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ಗಾಳಿ ಒಳನುಗ್ಗಿ ನೀರು ಏರದು. ಇದನ್ನೂ ಮೊದಲೇ ನೋಡಿಕೊಳ್ಳುವುದು.

ಒಂದು ಎಚ್ಚರಿಕೆ. ಕಟ್ಟೆಯ ಮೇಲೆ ಇಳಿಸಬಹುದಾದದ್ದು ವಿದ್ಯುತ್ ಮೋಟಾರು. ಡೀಸೆಲ್ ಎಂಜಿನನ್ನು ಎಂದಿಗೂ ಬಾವಿಯೊಳಗೆ ನಡೆಯಿಸಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಬಾವಿಯಲ್ಲಿ ಗಾಳಿಯಾಡದೆ ಅದು ನಿಂತು ಇಳಿದವನನ್ನು ಕ್ಷಣಗಳಲ್ಲಿ ಕೆಡವುವುದು. ಒಬ್ಬನು ಬಿದ್ದನೆಂದು ಎತ್ತಲು ಇಳಿದವನಿಗೂ ಅದೇ ಗತಿ. ಅಂತಹ ಸಮಯದಲ್ಲಿ ಯಾರನ್ನೂ ಇಳಿಯಗೊಡದೆ ಅಗ್ನಿಶಾಮಕ ದಳಕ್ಕೆ ತಿಳಿಸತಕ್ಕದ್ದು.