ದೊಡ್ಡ ಟಯರಿಗೆ ತಕ್ಕ ಗೇರು: ರೈತರಿಗೊಂದು ಯಂತ್ರ ಪಾಠ



ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಯಲ್ಲಾಗಲಿ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಎರೆ ಹೊಲದಲ್ಲಾಗಲಿ, ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತಿತೆಂದರೆ ಮೊದಲು ಬರುವ ಮಾತು ಒಂದೇ: "ಇದಕ್ಕೆ ಇನ್ನೂ ದೊಡ್ಡ ಟಯರ್ ಹಾಕಿಸಬೇಕು." ಹಳೆಯ ಜೀಪು ಕೊಂಡವರೂ ಹಾಗೆಯೇ ಹೇಳುತ್ತಾರೆ. ಟಯರ್ ಒಂದು ಜೋಡಿಗೆ ಬೀಳುವ ಹಣ ಸಣ್ಣದಲ್ಲ. ಆದುದರಿಂದ ಪೇಟೆಗೆ ಹೋಗುವ ಮೊದಲು ಒಂದು ಸಂಗತಿಯನ್ನು ತಿಳಿದಿರತಕ್ಕದ್ದು. ಟಯರಿನ ಎತ್ತರ ಬದಲಾದರೆ ಗೇರಿನ ಲೆಕ್ಕವೂ ಬದಲಾಗುತ್ತದೆ.

1. ಬಂಡಿಯ ಗಾಲಿಯೇ ಬೇರೆ, ಟ್ರ್ಯಾಕ್ಟರಿನ ಗಾಲಿಯೇ ಬೇರೆ

ಬಂಡಿಗೆ ದೊಡ್ಡ ಗಾಲಿ ಇದ್ದರೆ ಎತ್ತಿಗೆ ಹಗುರ ಎಂಬುದು ನಮ್ಮ ಹಿರಿಯರ ಅನುಭವ. ಅದು ನಿಜ. ದೊಡ್ಡ ಗಾಲಿ ತಗ್ಗು ದಿಣ್ಣೆಗಳನ್ನು ಸುಲಭವಾಗಿ ದಾಟುತ್ತದೆ. ಆದರೆ ಬಂಡಿಯನ್ನು ಎತ್ತು ಮುಂದಿನಿಂದ ಎಳೆಯುತ್ತದೆ, ಗಾಲಿ ಸುಮ್ಮನೆ ಉರುಳುತ್ತದೆ. ಟ್ರ್ಯಾಕ್ಟರಿನಲ್ಲಿ ಹಾಗಲ್ಲ. ಇಂಜಿನ್ನು ಅಚ್ಚನ್ನು ತಿರುಚುತ್ತದೆ, ಅಚ್ಚು ಗಾಲಿಯನ್ನು ತಿರುಗಿಸುತ್ತದೆ, ಗಾಲಿ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ಅಚ್ಚಿನ ನಡುವಿನಿಂದ ನೆಲದವರೆಗಿನ ಅಂತರ ಹೆಚ್ಚಿದಷ್ಟೂ ಅದೇ ತಿರುಚಿಗೆ ನೆಲದ ಮೇಲೆ ಸಿಗುವ ಎಳೆತ ಕಡಿಮೆಯಾಗುತ್ತದೆ. ಒಂದು ಸುತ್ತಿಗೆ ಸಾಗುವ ದೂರ ಮಾತ್ರ ಹೆಚ್ಚುತ್ತದೆ. ಅಂದರೆ ವೇಗ ಏರುತ್ತದೆ, ಎಳೆತ ಇಳಿಯುತ್ತದೆ. ದೊಡ್ಡ ಟಯರ್ ಹಾಕುವುದೆಂದರೆ ಗಾಡಿಯನ್ನು ಸ್ವಲ್ಪ ಮೇಲಿನ ಗೇರಿನಲ್ಲಿ ಖಾಯಂ ಇಟ್ಟಂತೆ.

2. ಲೆಕ್ಕ ಹೇಗೆ?

ಹಿಂದಿನ ಟಯರ್ 13.6-28 ಅಳತೆಯದಾದರೆ ಅದರ ಎತ್ತರ ಸುಮಾರು 131 ಸೆಂಟಿಮೀಟರ್. 16.9-28 ಅಳತೆಯದು ಸುಮಾರು 143 ಸೆಂಟಿಮೀಟರ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. 143ನ್ನು 131ರಿಂದ ಭಾಗಿಸಿದರೆ 1.09 ಬರುತ್ತದೆ. ಆದ್ದರಿಂದ ಅದೇ ಗೇರು, ಅದೇ ಇಂಜಿನ್ ವೇಗದಲ್ಲಿ ಟ್ರ್ಯಾಕ್ಟರ್ ನೂರಕ್ಕೆ 9ರಷ್ಟು ಬೇಗ ಓಡುತ್ತದೆ. ಎಳೆತ ಮಾತ್ರ 100 ಇದ್ದದ್ದು ಸುಮಾರು 92ಕ್ಕೆ ಇಳಿಯುತ್ತದೆ. ಮೊದಲೇ ದಮ್ಮು ಕಟ್ಟಿ ನೇಗಿಲು ಎಳೆಯುತ್ತಿದ್ದ ಇಂಜಿನ್ನಿಗೆ ಈ ಎಂಟು ಭಾಗ ಸಣ್ಣ ಮಾತಲ್ಲ.

ರೊಟವೇಟರಿಗೂ ಇದು ತಟ್ಟುತ್ತದೆ. ಅದರ ಬ್ಲೇಡುಗಳು ಇಂಜಿನ್ನಿನ ಲೆಕ್ಕದಲ್ಲಿ ತಿರುಗುತ್ತವೆ, ಟಯರಿನ ಲೆಕ್ಕದಲ್ಲಲ್ಲ. ಬ್ಲೇಡಿನ ವೇಗ ಅಷ್ಟೇ ಇದ್ದು ಟ್ರ್ಯಾಕ್ಟರ್ ಮುಂದಕ್ಕೆ ಬೇಗ ಓಡಿದರೆ ಒಂದೊಂದು ಬ್ಲೇಡೂ ದೊಡ್ಡ ಹೆಂಟೆ ಕಡಿಯುತ್ತದೆ. ಮಣ್ಣು ಒರಟಾಗಿ ಉಳಿಯುತ್ತದೆ, ಇಂಜಿನ್ನಿಗೂ ಭಾರ ಬೀಳುತ್ತದೆ.

3. ಗೇರಿನ ಪ್ರಮಾಣ ಎಂದರೇನು?

ಅಚ್ಚಿನ ಹೌಸಿಂಗಿನ ಒಳಗೆ ಒಂದು ಸಣ್ಣ ಹಲ್ಲಿನ ಗಾಲಿ, ಒಂದು ದೊಡ್ಡ ಹಲ್ಲಿನ ಗಾಲಿ ಇರುತ್ತವೆ. ಮೆಕ್ಯಾನಿಕರು ಇವುಗಳ ಜೋಡಿಯನ್ನು ಕ್ರೌನ್ ಪಿನಿಯನ್ ಎನ್ನುತ್ತಾರೆ. ದೊಡ್ಡದರ ಹಲ್ಲುಗಳನ್ನು ಸಣ್ಣದರ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಗೇರಿನ ಪ್ರಮಾಣ. ಪ್ರಮಾಣ ಹೆಚ್ಚಿದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ.

ಇದಕ್ಕೆ ಜೀಪಿನ ಚರಿತ್ರೆಯೇ ಒಳ್ಳೆಯ ದೃಷ್ಟಾಂತ. ಎರಡನೆಯ ಮಹಾಯುದ್ಧದಲ್ಲಿ ಓಡಿದ ವಿಲ್ಲಿಸ್ ಜೀಪಿನ ಅಚ್ಚಿನಲ್ಲಿ 39 ಹಲ್ಲಿಗೆ 8 ಹಲ್ಲು, ಅಂದರೆ 4.88 ಪ್ರಮಾಣವಿತ್ತು. ಯುದ್ಧ ಮುಗಿದು 1945ರಲ್ಲಿ ಅದೇ ಜೀಪನ್ನು ಹೊಲದ ಕೆಲಸಕ್ಕೂ ಒದಗುವಂತೆ ಮಾರಾಟಕ್ಕೆ ತಂದಾಗ 43 ಹಲ್ಲಿಗೆ 8 ಹಲ್ಲು, ಅಂದರೆ 5.38 ಪ್ರಮಾಣ ಇಟ್ಟರು. ಓಟಕ್ಕಿಂತ ಎಳೆತ ಬೇಕೆಂದೇ ಹಾಗೆ ಮಾಡಿದರು.

ಈಗ ನೋಡಿರಿ. ಆ 5.38ರ ಜೀಪಿಗೆ 28 ಇಂಚು ಎತ್ತರದ ಟಯರ್ ತೆಗೆದು 31 ಇಂಚಿನದು ಹಾಕಿದೆವು ಎನ್ನೋಣ. 5.38ನ್ನು 28ರಿಂದ ಗುಣಿಸಿ 31ರಿಂದ ಭಾಗಿಸಿದರೆ 4.86 ಬರುತ್ತದೆ. ಹೊಲಕ್ಕೆಂದು ಹೆಚ್ಚಿಸಿದ್ದ ಎಳೆತವೆಲ್ಲ ಟಯರಿನಲ್ಲಿಯೇ ಕಳೆದುಹೋಗಿ ಗಾಡಿ ಯುದ್ಧದ ಜೀಪಿನ ಲೆಕ್ಕಕ್ಕೇ ಮರಳಿತು! ಇನ್ನು 4.88ರ ಜೀಪಿಗೆ 31 ಇಂಚಿನ ಟಯರ್ ಹಾಕಿಯೂ ಮೊದಲಿನ ಎಳೆತವೇ ಬೇಕಾದರೆ 4.88ನ್ನು 31ರಿಂದ ಗುಣಿಸಿ 28ರಿಂದ ಭಾಗಿಸಬೇಕು. 5.40 ಬರುತ್ತದೆ. ಆಗ 5.38ರ ಜೋಡಿಯೇ ಸರಿಯಾದ ಆಯ್ಕೆ. ಸೂತ್ರ ಇಷ್ಟೇ:

ಬೇಕಾದ ಪ್ರಮಾಣ = ಹಳೆಯ ಪ್ರಮಾಣ × ಹೊಸ ಟಯರಿನ ಎತ್ತರ ÷ ಹಳೆಯ ಟಯರಿನ ಎತ್ತರ.

ಜೀಪಿನ ಗೇರು ಬದಲಿಸುವವರು ಮೂರು ಮಾತು ಮರೆಯಬಾರದು. ಮೊದಲನೆಯದಾಗಿ, ನಾಲ್ಕು ಗಾಲಿಗೂ ಶಕ್ತಿ ಹೋಗುವ ಜೀಪಿನಲ್ಲಿ ಹಿಂದಿನ ಅಚ್ಚು, ಮುಂದಿನ ಅಚ್ಚು ಎರಡಕ್ಕೂ ಒಂದೇ ಪ್ರಮಾಣದ ಜೋಡಿ ಹಾಕಿಸಬೇಕು. ಒಂದನ್ನೇ ಬದಲಿಸಿದರೆ ಎರಡು ಅಚ್ಚುಗಳು ಒಂದರೊಡನೊಂದು ಜಗಳವಾಡಿ ಹಲ್ಲು ಮುರಿಯುತ್ತವೆ. ಎರಡನೆಯದಾಗಿ, ಗಾಲಿ ಎತ್ತರವಾದಷ್ಟೂ ಅಚ್ಚಿನ ಮೇಲಿನ ತಿರುಚು ಹೆಚ್ಚುತ್ತದೆ. ಗೇರು ಬದಲಾದರೂ ಹಳೆಯ ಅಚ್ಚಿನ ಬಲ ಹೆಚ್ಚುವುದಿಲ್ಲ. ಮೂರನೆಯದಾಗಿ, ಹಲ್ಲುಗಳ ನಡುವಿನ ಸಂದು ಸರಿಯಾಗಿ ಕೂಡಿಸುವುದು ಪಳಗಿದ ಕೈಯ ಕೆಲಸ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡಿಗೆ ಕಟ್ಟಳೆ ಹಾಕಿದೆ. ಅದನ್ನು ವಿಚಾರಿಸಿಯೇ ಮುಂದುವರಿಯಿರಿ.

4. ಟ್ರ್ಯಾಕ್ಟರಿನಲ್ಲಿ ಏನು ಮಾಡಬೇಕು?

ಟ್ರ್ಯಾಕ್ಟರಿನ ಹಿಂದಿನ ಅಚ್ಚಿನ ಗೇರು ಬದಲಿಸುವುದು ರೈತನ ಕೆಲಸವಲ್ಲ. ಕಂಪನಿ ಕೊಟ್ಟಿರುವ ಗೇರುಗಳಲ್ಲಿಯೇ ತಕ್ಕದ್ದನ್ನು ಆರಿಸಬೇಕು. ದೊಡ್ಡ ಟಯರ್ ಹಾಕಿದ ಮೇಲೆ ಮೊದಲು ಎರಡನೆಯ ಗೇರಿನಲ್ಲಿ ಮಾಡುತ್ತಿದ್ದ ಭಾರದ ಕೆಲಸವನ್ನು ಒಂದನೆಯ ಗೇರಿನಲ್ಲಿ ಮಾಡಬೇಕಾಗಿ ಬರಬಹುದು. ಆಗ ಎಕರೆಗೆ ತಗಲುವ ಹೊತ್ತು ಹೆಚ್ಚುತ್ತದೆ. ಟಯರಿನ ಬೆಲೆಯ ಜೊತೆಗೆ ಈ ಹೊತ್ತಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿರಿ.

ಮುಂದಿನ ಗಾಲಿಗೂ ಶಕ್ತಿ ಇರುವ ಟ್ರ್ಯಾಕ್ಟರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಮುಂದಿನ ಗಾಲಿ ಸಣ್ಣದು, ಹಿಂದಿನದು ದೊಡ್ಡದು. ಮುಂದಿನ ಗಾಲಿ ಹಿಂದಿನದಕ್ಕಿಂತ ನೂರಕ್ಕೆ 1ರಿಂದ 5ರಷ್ಟು ಮುಂದೆ ಎಳೆಯುವಂತೆ ಕಂಪನಿಯವರು ಗೇರು ಕೂಡಿಸಿರುತ್ತಾರೆ. ಹಿಂದಿನ ಜೋಡಿಯನ್ನಷ್ಟೇ ದೊಡ್ಡದು ಮಾಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಪರೀಕ್ಷೆ ಹೀಗೆ:

ಸಡಿಲ ಮಣ್ಣಿನ ಸಮ ನೆಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಮುಂದಿನ, ಹಿಂದಿನ ಟಯರುಗಳಿಗೆ ಸುಣ್ಣದ ಗುರುತು ಹಾಕಿರಿ. ಹಿಂದಿನ ಗಾಲಿ 10 ಸುತ್ತು ತಿರುಗುವವರೆಗೆ ನಿಧಾನ ನೇರವಾಗಿ ಓಡಿಸಿ ಮುಂದಿನ ಗಾಲಿಯ ಸುತ್ತು ಎಣಿಸಿರಿ. ಒಮ್ಮೆ ಮುಂದಿನ ಗಾಲಿಯ ಶಕ್ತಿ ಬಿಡಿಸಿ, ಒಮ್ಮೆ ಹಾಕಿ. ಬಿಡಿಸಿದಾಗ 15 ಸುತ್ತು, ಹಾಕಿದಾಗ 15.5 ಸುತ್ತು ಬಂದರೆ ಮುಂದಿನ ಗಾಲಿ ನೂರಕ್ಕೆ 3ರಷ್ಟು ಮುಂದಿದೆ, ಇದು ಸರಿ. ಹಿಂದೆ ನೂರಕ್ಕೆ 9ರಷ್ಟು ಎತ್ತರದ ಟಯರ್ ಹಾಕಿದರೆ ಬಿಡಿಸಿದಾಗ 16.4 ಸುತ್ತು ಬರುತ್ತದೆ, ಹಾಕಿದಾಗ 15.5 ಸುತ್ತೇ ಉಳಿಯುತ್ತದೆ. ಅಂದರೆ ಮುಂದಿನ ಗಾಲಿ ಎಳೆಯುವ ಬದಲು ಹಿಂದಕ್ಕೆ ಜಗ್ಗುತ್ತದೆ. ಟಯರ್ ಸವೆಯುತ್ತದೆ, ಡೀಸೆಲ್ ಹೋಗುತ್ತದೆ, ಕೊನೆಗೆ ಗೇರೂ ಹೋಗುತ್ತದೆ. ಹಿಂದಿನ ಟಯರ್ ದೊಡ್ಡದಾದರೆ ಮುಂದಿನದನ್ನೂ ಅದೇ ಲೆಕ್ಕದಲ್ಲಿ ಬದಲಿಸಬೇಕು. ಅದಕ್ಕೆ ಕಂಪನಿ ಪುಸ್ತಕದಲ್ಲಿರುವ ಜೋಡಿಯನ್ನೇ ನೋಡಿ ಆರಿಸಿರಿ.

5. ದೊಡ್ಡ ಟಯರ್ ಯಾರಿಗೆ ಬೇಕು, ಯಾರಿಗೆ ಬೇಡ?

ಇದನ್ನು ಹೊಲದಲ್ಲಿಯೇ ತಿಳಿಯಬಹುದು. ಕೆಲಸದ ನಡುವೆ ಗಮನಿಸಿರಿ:

(ಅ) ಇಂಜಿನ್ನಿನಲ್ಲಿ ಕಸುವು ಉಳಿದಿದ್ದು ಗಾಲಿ ಮಾತ್ರ ಸುಮ್ಮನೆ ತಿರುಗುತ್ತಿದ್ದರೆ ಹಿಡಿತ ಸಾಲದು. ಮೊದಲು ಕಂಪನಿ ಪಟ್ಟಿಯಂತೆ ಟಯರಿನ ಗಾಳಿ ಸರಿಪಡಿಸಿರಿ, ಟಯರಿಗೆ ನೀರು ತುಂಬಿಸಿ ತೂಕ ಹೆಚ್ಚಿಸಿರಿ. ಭತ್ತದ ಕೆಸರಿನಲ್ಲಾದರೆ ಕಬ್ಬಿಣದ ಕೇಜ್ ವೀಲ್ ನೋಡಿರಿ. ಅದನ್ನು ಡಾಂಬರು ರಸ್ತೆಗೆ ಮಾತ್ರ ತರಬಾರದು. ಇಷ್ಟಕ್ಕೂ ಆಗದಿದ್ದರೆ ಅಗಲ ಟಯರಿನಿಂದ ಉಪಯೋಗವಿದೆ.

(ಆ) ಗಾಲಿ ಜಾರದೆ ಇಂಜಿನ್ನು ಕಪ್ಪು ಹೊಗೆ ಬಿಟ್ಟು ಕುಗ್ಗುತ್ತಿದ್ದರೆ ಕಸುವೇ ಸಾಲದು. ಇಂಥ ಕಡೆ ದೊಡ್ಡ ಟಯರ್ ಹಾಕಿದರೆ ರೋಗ ಹೆಚ್ಚುತ್ತದೆ. ಕೆಳಗಿನ ಗೇರು ಹಾಕಿರಿ, ಇಲ್ಲವೆ ನೇಗಿಲಿನ ಆಳ ತಗ್ಗಿಸಿರಿ.

ಹತ್ತಿ ತುಂಬಿದ ಟ್ರಾಲಿ ಕಟ್ಟಿಕೊಂಡು ರಾಯಚೂರು ಮಾರುಕಟ್ಟೆಗೆ ಹೋಗುವವರಿಗೆ ಒಂದು ಎಚ್ಚರಿಕೆ. ಟಯರ್ ಎತ್ತರವಾದರೆ ಎಳೆತದಂತೆಯೇ ಬ್ರೇಕಿನ ಹಿಡಿತವೂ ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ, ಓಟ ಮಾತ್ರ ಹೆಚ್ಚುತ್ತದೆ. ಇಳಿಜಾರಿನಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು.

6. ಅಭ್ಯಾಸ

ಎತ್ತರ 131 ಸೆಂಟಿಮೀಟರಿನ ಟಯರ್ ತೆಗೆದು 137 ಸೆಂಟಿಮೀಟರಿನದು ಹಾಕಿದರೆ, ಗಂಟೆಗೆ 8 ಕಿಲೋಮೀಟರ್ ಓಡುತ್ತಿದ್ದ ಟ್ರ್ಯಾಕ್ಟರ್ ಅದೇ ಗೇರಿನಲ್ಲಿ ಎಷ್ಟು ಓಡೀತು? ಎಳೆತ ನೂರಕ್ಕೆ ಎಷ್ಟು ಉಳಿದೀತು? ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೊಡನೆ ಕುಳಿತು ಬಿಡಿಸಿ ನೋಡಿರಿ. ಉತ್ತರ: ಸುಮಾರು 8.4 ಕಿಲೋಮೀಟರ್, ಎಳೆತ ಸುಮಾರು 96.

ಪೇಟೆಗೆ ಹೋಗುವಾಗ ಈಗಿರುವ ಟಯರಿನ ಅಳತೆ, ಹೊಸದರ ಎತ್ತರ, ನೀವು ಹೆಚ್ಚಾಗಿ ಬಳಸುವ ಗೇರು, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಸಂದೇಹವಿದ್ದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಇಂಜಿನಿಯರಿಂಗ್ ಕಾಲೇಜಿನವರನ್ನು ಕೇಳಿರಿ. ನೆರೆಯವನ ಟ್ರ್ಯಾಕ್ಟರ್ ನೋಡಿ ಟಯರ್ ಕೊಳ್ಳಬೇಡಿರಿ. ನಿಮ್ಮ ಹೊಲ ನೋಡಿ, ಲೆಕ್ಕ ಹಾಕಿ ಕೊಳ್ಳಿರಿ.