ಕಾಣದ ಬಾಗಿಲು

ಬಾಗಿಲಿಗೆ ಬೀಗ ಹಾಕದೆ ಪರಸ್ಥಳಕ್ಕೆ ಹೋಗುವವರು ವಿರಳ. ಆದರೆ ಇಂದಿನ ಅನೇಕ ಮನೆಗಳಿಗೆ ಕಣ್ಣಿಗೆ ಕಾಣದ ಇನ್ನೊಂದು ಬಾಗಿಲುಂಟು. ಅದೇ ರೌಟರ್. ಮನೆಯ ಕಂಪ್ಯೂಟರ್, ಫೋನ್, ಟಿ.ವಿ.ಗಳನ್ನು ಒಂದು ಜಾಲವಾಗಿ ಹೆಣೆದು ಇಂಟರ್ನೆಟ್ಟಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯಿದು. ಪ್ರತಿಯೊಂದು ಸಾಧನಕ್ಕೂ ಮನೆಯೊಳಗಿನ ವಿಳಾಸವೊಂದನ್ನು ಕೊಟ್ಟು, ಹೊರಗಿನಿಂದ ಬಂದ ಮಾಹಿತಿಯನ್ನು ಅಂಚೆಯವನಂತೆ ಸಲ್ಲಬೇಕಾದಲ್ಲಿಗೆ ಸಲ್ಲಿಸುತ್ತದೆ.

ಇಂತಹ ಅನೇಕ ಸಾಧನಗಳು ಕಾರ್ಖಾನೆಯಿಂದ ಹೊರಡುವಾಗ ಒಂದೇ ಪಾಸ್‌ವರ್ಡನ್ನು ಹೊತ್ತು ಬಂದುದುಂಟು. ಊರಿನ ಬೀಗಗಳಿಗೆಲ್ಲ ಒಂದೇ ಕೀಲಿಕೈ ಇದ್ದಂತೆ! ಇದರ ಅಪಾಯವು 2016ರಲ್ಲಿ ಜಗತ್ತಿಗೆ ಮನವರಿಕೆಯಾಯಿತು. ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಸುಮಾರು 60 ಪಾಸ್‌ವರ್ಡುಗಳನ್ನು ಪ್ರಯೋಗಿಸಿಯೇ ಲಕ್ಷಾಂತರ ಕ್ಯಾಮೆರಾ, ರೌಟರು ಮುಂತಾದವನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅವುಗಳಲ್ಲಿ ಅನೇಕವು, ಒಡೆಯರಿಗೆ ಅರಿವಿಲ್ಲದಂತೆಯೇ, ಅಮೆರಿಕದ ‘ಡೈನ್’ ಸಂಸ್ಥೆಯ ಮೇಲೆ ಏಕಕಾಲಕ್ಕೆ ಮುಗಿಬಿದ್ದವು. ಜಾಲತಾಣಗಳ ಹೆಸರಿನಿಂದ ವಿಳಾಸವನ್ನು ಹುಡುಕಿಕೊಡುತ್ತಿದ್ದ ಆ ಸಂಸ್ಥೆಯ ಸೇವೆ ಕುಸಿಯಿತು. ಟ್ವಿಟರ್ ಮೊದಲಾದ ತಾಣಗಳು ಅಸಂಖ್ಯಾತ ಜನರಿಗೆ ದೊರೆಯದಾದವು.

ಇದಕ್ಕೆ ಪರಿಹಾರ ಕಠಿಣವಲ್ಲ. ರೌಟರನ್ನು ಕೊಂಡ ದಿನವೇ ಅದರ ಆಡಳಿತದ ಪಾಸ್‌ವರ್ಡನ್ನು ಬದಲಿಸಬೇಕು. ವೈಫೈಗೆ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ರಕ್ಷಣೆಯನ್ನು ಆರಿಸಿ, ಅದಕ್ಕೆ ಉದ್ದವಾದ ಬೇರೊಂದು ಪಾಸ್‌ವರ್ಡನ್ನು ಇಡಬೇಕು. ಬಂದವರಿಗೆ ಅತಿಥಿಜಾಲವನ್ನು ಪ್ರತ್ಯೇಕಿಸಬೇಕು. ಹೊರಗಿನಿಂದ ರೌಟರನ್ನು ನಿಯಂತ್ರಿಸುವ ಸೌಲಭ್ಯವು ಅನಗತ್ಯವಾದರೆ ಅದನ್ನು ಮುಚ್ಚಬೇಕು. ತಯಾರಕರು ಒದಗಿಸುವ ತಂತ್ರಾಂಶದ ತಿದ್ದುಪಡಿಗಳನ್ನು ಆಗಾಗ ಅಳವಡಿಸಬೇಕು.

ಬೀಗವಿಲ್ಲದ ಮನೆಗೆ ನುಗ್ಗಿದ ಕಳ್ಳನು ಆ ಮನೆಯನ್ನಷ್ಟೇ ದೋಚಿಯಾನು. ಕಾವಲಿಲ್ಲದ ರೌಟರಾದರೋ ಅನ್ಯರ ಮನೆಗೂ ಕನ್ನ ಕೊರೆಯುವ ಉಪಕರಣವಾದೀತು. ಆದುದರಿಂದ ಈ ಎಚ್ಚರವು ಸ್ವಂತ ರಕ್ಷಣೆ ಮಾತ್ರವಲ್ಲ, ನೆರೆಹೊರೆಯ ಧರ್ಮವೂ ಹೌದು.